ಮಾಡಿದವನೂ ಮಾಡಿಸಿದವನೂ: ಆಚಾರ್ಯ ಪೂಜ್ಯಪಾದರ ಶಬ್ದಸಾಧನೆ

ಬಸದಿಯ ನವರಂಗದಲ್ಲಿ ಕುಳಿತು ಜಪ ಮಾಡುವ ಶ್ರಾವಕನ ಬೆರಳುಗಳು 108 ಮಣಿಗಳನ್ನು ದಾಟಿ ಮತ್ತೆ ಮೊದಲಿನ ಮಣಿಗೆ ಬರುತ್ತವೆ. ಈ ಸಂಖ್ಯೆಗೆ ಜೈನ ಪರಂಪರೆ ಕೊಡುವ ಕಾರಣಗಳಲ್ಲಿ ಒಂದು ಆತ್ಮಪರೀಕ್ಷೆಗೆ ಸಂಬಂಧಿಸಿದ್ದು. ಜೀವನು 108 ಬಗೆಗಳಲ್ಲಿ ಕರ್ಮದ ಆಸ್ರವಕ್ಕೆ ಬಾಗಿಲು ತೆರೆಯುತ್ತಾನೆ. ಒಂದೊಂದು ಬಾಗಿಲನ್ನೂ ಮುಚ್ಚುವ ಸಂಕಲ್ಪಕ್ಕೆ ಒಂದೊಂದು ಮಣಿ. ಈ ಲೆಕ್ಕದ ಮೂಲ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಆ ಸೂತ್ರವನ್ನು ಪದಪದವಾಗಿ ಬಿಡಿಸಿ ವಿವರಿಸಿದ ಸರ್ವಾರ್ಥಸಿದ್ಧಿಯು ಇಂದು ದೊರೆಯುವ ದಿಗಂಬರ ವ್ಯಾಖ್ಯಾನಗಳಲ್ಲಿ ಅತ್ಯಂತ ಹಳೆಯದು. ಅದನ್ನು ರಚಿಸಿದವರು ಆಚಾರ್ಯ ಪೂಜ್ಯಪಾದರು.

ಪೂಜ್ಯಪಾದರು ಸಿದ್ಧಾಂತದ ವ್ಯಾಖ್ಯಾನಕಾರರು ಮಾತ್ರವಲ್ಲ, ಮಹಾವೈಯಾಕರಣರು. ಪದದ ನಡುವೆ ಸೇರುವ ಒಂದು ಅಕ್ಷರ ಅದರ ಅರ್ಥವನ್ನು ಹೇಗೆ ಬದಲಿಸುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಹಾಗೆಯೇ ಮನುಷ್ಯನಿಗೂ ಅವನ ಕ್ರಿಯೆಗೂ ನಡುವೆ ಸೇರುವ ಒಂದು ಅಪ್ಪಣೆ, ಒಂದು ಸಮ್ಮತಿ ಅವನ ಹೊಣೆಯನ್ನು ಅಳಿಸಲಾರದೆಂಬುದನ್ನೂ ಬಲ್ಲವರಾಗಿದ್ದರು. ಅವರ ಬಾಳಿನಲ್ಲಿ ಈ ಎರಡು ತಿಳಿವುಗಳು ಬೇರೆ ಬೇರೆಯಾಗಿ ಉಳಿಯಲಿಲ್ಲ.

ಮೂರು ಹೆಸರುಗಳ ಮುನಿ

ವಿದ್ವಾಂಸರು ಪೂಜ್ಯಪಾದರನ್ನು ಕ್ರಿ.ಶ. 5ನೆಯ ಶತಮಾನದ ಉತ್ತರಾರ್ಧ ಹಾಗೂ 6ನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದವರೆಂದು ಗುರುತಿಸುತ್ತಾರೆ. ಗಂಗ ವಂಶದ ದೊರೆ ದುರ್ವಿನೀತನಿಗೆ ಅವರು ಗುರುಗಳಾಗಿದ್ದರೆಂಬುದು ನಾಡಿನಲ್ಲಿ ನಡೆದುಬಂದ ಪ್ರತೀತಿ. ಶ್ರವಣಬೆಳಗೊಳದ ಶಾಸನಗಳು ಅವರ ಮೂರು ಹೆಸರುಗಳನ್ನು ಕಾರಣಸಹಿತವಾಗಿ ನೆನೆಯುತ್ತವೆ. ಅವರ ಮೊದಲ ಹೆಸರು ದೇವನಂದಿ. ಬುದ್ಧಿಯ ಹಿರಿಮೆಯಿಂದ ಅವರು ಜಿನೇಂದ್ರಬುದ್ಧಿ ಎನಿಸಿದರು. ದೇವತೆಗಳೇ ಅವರ ಪಾದಯುಗಲವನ್ನು ಪೂಜಿಸಿದರೆಂಬ ಕಾರಣದಿಂದ ಪೂಜ್ಯಪಾದರಾದರು.

ಅವರ ಬಾಲ್ಯದ ಕಥೆಯನ್ನು ಕನ್ನಡದ ಪೂಜ್ಯಪಾದಚರಿತೆ ಹೇಳುತ್ತದೆ. ಇದು ಅವರ ಕಾಲಕ್ಕಿಂತ ಬಹಳ ಈಚಿನದು. ಇತಿಹಾಸಕ್ಕಿಂತ ಭಕ್ತಿಯೇ ಇಲ್ಲಿ ಮುಂದು. ಆ ಕಥೆಯಂತೆ ಕನ್ನಡ ನಾಡಿನ ಒಂದು ಗ್ರಾಮದಲ್ಲಿ ಮಾಧವಭಟ್ಟ ಮತ್ತು ಶ್ರೀದೇವಿ ಎಂಬ ಬ್ರಾಹ್ಮಣ ದಂಪತಿಗಳಿಗೆ ಅವರು ಮಗನಾಗಿ ಹುಟ್ಟಿದರು. ಮಡದಿಯ ಮಾತಿಗೆ ಓಗೊಟ್ಟು ಮಾಧವಭಟ್ಟನು ಜಿನಧರ್ಮವನ್ನು ಸ್ವೀಕರಿಸಿದ್ದನು. ತರುಣನಾದ ಮಗ ಒಂದು ದಿನ ತೋಟದಲ್ಲಿ ಹಾವಿನ ಬಾಯಿಗೆ ಸಿಕ್ಕ ಕಪ್ಪೆಯೊಂದನ್ನು ಕಂಡನು. ಒಂದು ಜೀವದ ಹಸಿವು ಇನ್ನೊಂದು ಜೀವದ ಮರಣವಾಗುವ ಈ ಸಂಸಾರದ ಸ್ವರೂಪ ಆ ಒಂದು ನೋಟದಲ್ಲಿ ಅವನಿಗೆ ಗೋಚರವಾಯಿತು. ಅವನು ಮನೆಗೆ ಮರಳಿದರೂ ಮನಸ್ಸು ಮರಳಲಿಲ್ಲ. ಕೊನೆಗೆ ಜಿನದೀಕ್ಷೆ ಪಡೆದು ದೇವನಂದಿ ಮುನಿಯಾದನು.

ಅನೇಕಾಂತದಿಂದ ಶಬ್ದಸಿದ್ಧಿ

ದೀಕ್ಷೆ ಪಡೆದ ಮುನಿಗೆ ವ್ಯಾಕರಣವೇಕೆ ಎಂಬ ಪ್ರಶ್ನೆ ಏಳಬಹುದು. ಜೈನ ಪರಂಪರೆಯಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಮುನಿಯು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಭಾಷಾಸಮಿತಿಯೂ ಒಂದು. ಮೂರು ಗುಪ್ತಿಗಳಲ್ಲಿ ವಚನಗುಪ್ತಿಯೂ ಒಂದು. ಮಾತಿನಲ್ಲಿ ಎಚ್ಚರವಿಲ್ಲದವನ ವ್ರತದಲ್ಲಿಯೂ ಎಚ್ಚರವಿರುವುದಿಲ್ಲ. ಆಡುವ ಪದದ ಒಳಗೇನಿದೆಯೆಂದು ಅರಿಯುವುದು ಆ ಎಚ್ಚರದ ಮೊದಲ ಮೆಟ್ಟಿಲು.

ದೇವನಂದಿಗಳು ರಚಿಸಿದ ಜೈನೇಂದ್ರ ವ್ಯಾಕರಣ ಐದು ಅಧ್ಯಾಯಗಳ ಗ್ರಂಥ. ಅಭಯನಂದಿಗಳ ಮಹಾವೃತ್ತಿಯು ಅನುಸರಿಸುವ ಪಾಠದಲ್ಲಿ ಸುಮಾರು 3000 ಸೂತ್ರಗಳಿವೆ. ಅನೇಕಾಂತದಿಂದಲೇ ಶಬ್ದಗಳ ಸಿದ್ಧಿ ಎಂಬ ಅರ್ಥದ ಮಾತಿನಿಂದ ಗ್ರಂಥ ಪ್ರಾರಂಭವಾಗುತ್ತದೆ. ವಸ್ತುವಿಗೆ ಅನೇಕ ಧರ್ಮಗಳಿರುವಂತೆ ಪದಕ್ಕೂ ಅನೇಕ ಮುಖಗಳಿವೆ. ಮೂಲಧಾತು ಒಂದೇ ಆಗಿದ್ದರೂ ಅದು ತಾಳುವ ರೂಪಗಳು ಹಲವು. ರೂಪ ಬದಲಾದರೂ ಧಾತು ಉಳಿದಿರುತ್ತದೆ. ದ್ರವ್ಯ ನಿತ್ಯ, ಪರ್ಯಾಯ ಅನಿತ್ಯ ಎಂಬ ಸಿದ್ಧಾಂತದ ಮಾತು ವ್ಯಾಕರಣದ ಬಾಗಿಲಲ್ಲಿಯೇ ಹೀಗೆ ಎದುರಾಗುತ್ತದೆ.

ಮಿತವಾಗಿ ಹೇಳುವುದರಲ್ಲಿ ಆಚಾರ್ಯರು ಪಾಣಿನಿಯನ್ನೂ ಮೀರಲು ಹೊರಟರು. ಧಾತುವಿಗೆ ಧು, ಪ್ರತ್ಯಯಕ್ಕೆ ತ್ಯ, ಸಮಾಸಕ್ಕೆ ಸ ಎಂಬ ಕಿರುಹೆಸರುಗಳನ್ನು ಕಲ್ಪಿಸಿದರು. ಏಳು ವಿಭಕ್ತಿಗಳಿಗೆ ಹೆಸರಿಡುವಾಗ ಅವರು ತೋರಿದ ಜಾಣ್ಮೆ ವೈಯಾಕರಣರ ಮೆಚ್ಚುಗೆ ಪಡೆದಿದೆ. ಸಂಸ್ಕೃತದ ವಿಭಕ್ತೀ ಎಂಬ ಪದವನ್ನೇ ಬಿಡಿಸಿದರೆ ವ್, ಇ, ಭ್, ಅ, ಕ್, ತ್, ಈ ಎಂದು ಏಳು ವರ್ಣಗಳು ಸಿಗುತ್ತವೆ. ವ್ಯಂಜನದ ಮುಂದೆ ಆಕಾರವನ್ನೂ ಸ್ವರದ ಮುಂದೆ ಪಕಾರವನ್ನೂ ಸೇರಿಸಿ ವಾ, ಇಪ್, ಭಾ, ಅಪ್, ಕಾ, ತಾ, ಈಪ್ ಎಂದು ಪ್ರಥಮೆಯಿಂದ ಸಪ್ತಮಿಯವರೆಗೆ ಏಳು ಹೆಸರುಗಳನ್ನು ಅದೇ ಕ್ರಮದಲ್ಲಿ ಪಡೆದರು. ವಿಭಕ್ತಿ ಎಂದರೆ ಬಿಡಿಸಿದ್ದು. ಬಿಡಿಸುವುದನ್ನು ಹೆಸರಿಸುವ ಪದವನ್ನೇ ಬಿಡಿಸಿ ಅವರು ಹೆಸರುಗಳನ್ನು ಹುಟ್ಟಿಸಿದ್ದರು.

ಇಷ್ಟು ಹೊಸತನವಿದ್ದರೂ ಹಿಂದಿನವರ ಋಣವನ್ನು ಆಚಾರ್ಯರು ಮರೆಯಲಿಲ್ಲ. ತಮಗಿಂತ ಮೊದಲಿನ ಸಮಂತಭದ್ರ, ಸಿದ್ಧಸೇನ, ಭೂತಬಲಿ, ಶ್ರೀದತ್ತ, ಯಶೋಭದ್ರ, ಪ್ರಭಾಚಂದ್ರ ಎಂಬ ಆರು ಮಂದಿಯ ಅಭಿಪ್ರಾಯಗಳನ್ನು ಸೂತ್ರಗಳಲ್ಲಿಯೇ ಹೆಸರಿಸಿ ನೆನೆದರು. ಒಂದೊಂದು ಅಕ್ಷರವನ್ನು ಉಳಿಸಲು ಶ್ರಮಿಸುವ ಗ್ರಂಥದಲ್ಲಿ ಪೂರ್ವಾಚಾರ್ಯರ ಪೂರ್ಣ ಹೆಸರುಗಳಿಗೆ ಸ್ಥಳ ದೊರೆತುದು ವಿನಯದ ಗುರುತು.

ಪದದ ನಡುವಿನ ಅಕ್ಷರ

ಪದವೊಂದಕ್ಕೆ ಹೊಸ ಅಂಶ ಮೂರು ಕಡೆಗಳಲ್ಲಿ ಸೇರಬಹುದು: ಮುಂದೆ, ಹಿಂದೆ, ನಡುವೆ. ಮುಂದೆ ಬರುವುದು ಕಣ್ಣಿಗೆ ಬೇಗ ಬೀಳುತ್ತದೆ. ಹಿಂದೆ ಬರುವುದು ಕಿವಿಗೆ ಬೇಗ ಕೇಳುತ್ತದೆ. ನಡುವೆ ಸೇರುವುದು ಮಾತ್ರ ಅಡಗಿ ಕೆಲಸ ಮಾಡುತ್ತದೆ. ಪದವನ್ನು ಬಿಡಿಸಿ ನೋಡಿದವನಿಗಷ್ಟೇ ಅದು ಕಾಣುತ್ತದೆ.

ವಿದ್ ಎಂಬ ಧಾತುವಿನ ಉದಾಹರಣೆ ಸಂಸ್ಕೃತ ಕಲಿಯುವವರಿಗೆ ಪರಿಚಿತ. ಒಂದೇ ರೂಪದ ಈ ಧಾತು ನಾಲ್ಕು ಗಣಗಳಲ್ಲಿ ಬರುತ್ತದೆ. ಧಾತುವಿಗೂ ಕ್ರಿಯಾಪದದ ಕೊನೆಗೂ ನಡುವೆ ಯಕಾರ ಬಂದರೆ ವಿದ್ಯತೇ ಆಗುತ್ತದೆ. ಇರುತ್ತದೆ ಎಂದು ಅರ್ಥ. ನಡುವೆ ಏನೂ ಉಳಿಯದಿದ್ದರೆ ವೇತ್ತಿ. ತಿಳಿಯುತ್ತಾನೆ ಎಂದು ಅರ್ಥ. ಧಾತುವಿನ ಹೊಟ್ಟೆಯೊಳಗೇ ನಕಾರ ಹೊಕ್ಕರೆ ವಿಂತ್ತೇ. ವಿಚಾರ ಮಾಡುತ್ತಾನೆ ಎಂದು ಅರ್ಥ. ಒಳಗೆ ಅನುನಾಸಿಕವೂ ಕೊನೆಗೆ ಮೊದಲು ಅಕಾರವೂ ಸೇರಿದರೆ ವಿಂದತಿ. ಪಡೆಯುತ್ತಾನೆ ಎಂದು ಅರ್ಥ. ಇರುವುದು, ಅರಿಯುವುದು, ವಿಚಾರಿಸುವುದು, ಪಡೆಯುವುದು: ಸಾಧಕನ ಪಯಣವೆಲ್ಲ ಒಂದೇ ಧಾತುವಿನ ಸುತ್ತ ನಿಂತಿದೆ. ಬದಲಾಗುವುದು ನಡುವಿನ ಅಕ್ಷರ ಮಾತ್ರ.

ಜೈನಧರ್ಮದ ಉಸಿರಾದ ಅಹಿಂಸೆ ಎಂಬ ಪದವೂ ಇಂತಹುದೇ. ವೈಯಾಕರಣರ ಧಾತುಪಾಠದಲ್ಲಿ ಇದರ ಮೂಲ ಹಿಸ್ ಎಂದು. ಅದರ ಸ್ವರದ ಮುಂದೆ ಅನುನಾಸಿಕವೊಂದು ಸೇರಿ ಹಿಂಸ್ ಆಗುತ್ತದೆ. ಹಿಂಸೆ ಎಂಬ ನಾಮಪದ ಅದರಿಂದ ಹುಟ್ಟುತ್ತದೆ. ಹಿಂಸಿಸುತ್ತಾನೆ ಎನ್ನುವ ಕ್ರಿಯಾಪದ ಹಿನಸ್ತಿ. ಅಲ್ಲಿ ಇಡಿಯ ನಕಾರವೇ ಧಾತುವಿನ ನಡುವೆ ಬಂದು ಕುಳಿತಿರುತ್ತದೆ. ಗೃಹಸ್ಥನ ಅಹಿಂಸಾಣುವ್ರತದ ಲಕ್ಷಣವನ್ನು ಹೇಳುವಾಗ ಸಮಂತಭದ್ರಾಚಾರ್ಯರು ಈ ಕ್ರಿಯಾಪದಕ್ಕೇ ನ ಎಂಬ ನಿಷೇಧವನ್ನು ಸೇರಿಸಿದ್ದಾರೆ. ಪದದ ಒಳಗಿರುವ ನಕಾರ ಹಿಂಸೆಯ ಕ್ರಿಯೆಯನ್ನು ಕಟ್ಟುತ್ತದೆ. ಹೊರಗೆ ನಿಂತ ನಕಾರ ಅದೇ ಕ್ರಿಯೆಯನ್ನು ತಡೆಯುತ್ತದೆ. ಅಕ್ಷರ ಒಂದೇ, ಅದು ನಿಂತ ಜಾಗ ಬೇರೆ, ಮಾಡುವ ಕೆಲಸ ಬೇರೆ.

ಪಾಣಿನಿಗೆ ಕೊಟ್ಟ ಮಾತು

ಪೂಜ್ಯಪಾದಚರಿತೆಯಲ್ಲಿ ಪಾಣಿನಿಯು ಆಚಾರ್ಯರ ಸೋದರಮಾವನಾಗಿ ಬರುತ್ತಾನೆ. ಪಾಣಿನಿ ಶತಮಾನಗಳಷ್ಟು ಹಿಂದಿನವನೆಂಬುದು ಇತಿಹಾಸಕ್ಕೆ ಗೊತ್ತು. ಆದರೂ ಕಥೆಯಲ್ಲಿ ಒಂದು ತಿರುಳಿದೆ. ವ್ಯಾಕರಣವನ್ನು ರಚಿಸುತ್ತಿದ್ದ ಪಾಣಿನಿ ತನ್ನ ಮರಣ ಸಮೀಪಿಸಿತೆಂದು ತಿಳಿದು, ಉಳಿದುದನ್ನು ಪೂರ್ಣಗೊಳಿಸಬೇಕೆಂದು ಪೂಜ್ಯಪಾದರನ್ನು ಬೇಡಿದನು. ಅವರು ಒಪ್ಪಿದರು. ಆದರೆ ಕೃತಿಯ ಚಿಂತೆಯನ್ನು ಬಿಡಲಾರದೆ ಆರ್ತಧ್ಯಾನದಲ್ಲಿ ಸತ್ತ ಪಾಣಿನಿ ಹಾವಾಗಿ ಹುಟ್ಟಿದನು. ಒಮ್ಮೆ ಆ ಹಾವು ಪೂಜ್ಯಪಾದರನ್ನು ಕಂಡು ಬುಸುಗುಟ್ಟಿತು. ಮುನಿಗಳು ಅದಕ್ಕೆ ಸಮಾಧಾನ ಹೇಳಿ, ಕೊಟ್ಟ ಮಾತಿನಂತೆ ಗ್ರಂಥವನ್ನು ಮುಗಿಸಿದರು.

ಪಾಣಿನೀಯದ ಮೇಲೆ ಪೂಜ್ಯಪಾದರು ಶಬ್ದಾವತಾರವೆಂಬ ನ್ಯಾಸವನ್ನು ಬರೆದರೆಂದು ಶಾಸನವೊಂದು ಹೇಳುತ್ತದೆ. ಆ ನೆನಪೇ ಜನರ ಬಾಯಲ್ಲಿ ಈ ಕಥೆಯಾಗಿರಬಹುದು. ಕಥೆಯ ಮೊದಲಿಗೂ ಹಾವು, ನಡುವೆಯೂ ಹಾವು. ಮೊದಲ ಹಾವು ಅವರನ್ನು ಸಂಸಾರದಿಂದ ಬಿಡಿಸಿತು. ಎರಡನೆಯದನ್ನು ಅವರು ಅದರ ಚಿಂತೆಯಿಂದ ಬಿಡಿಸಿದರು. ಶಬ್ದದ ಮೇಲಣ ಮೋಹವೂ ಪರಿಗ್ರಹವಾಗಬಲ್ಲದು; ಗ್ರಂಥಕರ್ತನೂ ತನ್ನ ಗ್ರಂಥದ ಹೆಡೆಯಡಿಯಲ್ಲಿ ಸಿಲುಕಬಲ್ಲನೆಂಬ ಎಚ್ಚರಿಕೆ ಆ ಕಥೆಯಲ್ಲಿದೆ.

ಒಂದು ಆಕಾರದ ಅಂತರ

ಸರ್ವಾರ್ಥಸಿದ್ಧಿಯನ್ನು ಬರೆಯಲು ಕುಳಿತಾಗ ಈ ವೈಯಾಕರಣ ದೃಷ್ಟಿ ಸಿದ್ಧಾಂತದ ಸೇವೆಗೆ ಒದಗಿತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವನು ಆಸ್ರವಕ್ಕೆ ಆಧಾರವಾಗುವ ಬಗೆಗಳನ್ನು ಎಣಿಸುವಾಗ ಮೊದಲು ಬರುವುದು ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಪದಗಳು. ಕೇಳುವ ಕಿವಿಗೆ ಮೂರೂ ಒಂದೇ ನಾದ. ಪೂಜ್ಯಪಾದರ ವಿವರಣೆಯಲ್ಲಿ ಅವು ಮೂರು ಬೇರೆ ಬೇರೆ ಘಟ್ಟಗಳು. ಎಚ್ಚರ ತಪ್ಪಿದ ಜೀವನು ಪ್ರಾಣಹಾನಿ ಮುಂತಾದ ಕಾರ್ಯಗಳಿಗೆ ಮನಸ್ಸಿನ ಆವೇಶ ಕಟ್ಟಿಕೊಳ್ಳುವುದು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವುದು ಸಮಾರಂಭ. ಕಾರ್ಯಕ್ಕೆ ತೊಡಗಿಯೇ ಬಿಡುವುದು ಆರಂಭ.

ಪದಗಳನ್ನು ಬಿಡಿಸಿದರೆ ವ್ಯತ್ಯಾಸ ಎಷ್ಟು ಸಣ್ಣದೆಂಬುದು ತಿಳಿಯುತ್ತದೆ. ಮೂರರಲ್ಲಿಯೂ ಇರುವುದು ರಂಭ. ಅದರೊಳಗೂ ಒಂದು ಅನುನಾಸಿಕ ಸೇರಿಕೊಂಡಿದೆ. ಆರಬ್ಧ ಎಂಬ ರೂಪದಲ್ಲಿ ಅದು ಕಾಣುವುದಿಲ್ಲ, ಆರಂಭದಲ್ಲಿ ಕಾಣುತ್ತದೆ. ಸಂ ಮತ್ತು ರಂಭ ಕೂಡಿದರೆ ಸಂರಂಭ. ಅವೆರಡರ ನಡುವೆ ಆ ಎಂಬ ಒಂದು ಸ್ವರ ಹೊಕ್ಕರೆ ಸಮಾರಂಭ. ಆ ಒಂದು ಸ್ವರದ ಅಂತರದಲ್ಲಿ ಮನಸ್ಸಿನಲ್ಲಿದ್ದುದು ಕೈಗೆ ಇಳಿಯುತ್ತದೆ, ಎಣಿಕೆ ಸಿದ್ಧತೆಯಾಗುತ್ತದೆ. ಸಾಧಕ ನಿಲ್ಲಬೇಕಾದುದು ಆ ಅಂತರದಲ್ಲಿ. ಸಂರಂಭದಲ್ಲಿಯೇ ಎಚ್ಚೆತ್ತವನಿಗೆ ಸಮಾರಂಭದ ಗೊಡವೆಯಿಲ್ಲ.

ಮುಂದಿನ ಎಣಿಕೆ ಸರಳ. ಈ ಮೂರು ಘಟ್ಟಗಳು ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದ 9 ಆಗುತ್ತವೆ. ಕೃತ, ಕಾರಿತ, ಅನುಮತ ಎಂಬ ಮೂರರಿಂದ 27 ಆಗುತ್ತವೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ 108 ಆಗುತ್ತವೆ. ಸೂತ್ರದ ಕೊನೆಯಲ್ಲಿ ಚ ಎಂಬ ಒಂದು ಅಕ್ಷರವಿದೆ. ಮತ್ತು ಎಂದು ಅದರ ಅರ್ಥ. ಓದುವವರು ದಾಟಿ ಹೋಗಬಹುದಾದ ಆ ಅಕ್ಷರದ ಬಳಿಯೂ ಪೂಜ್ಯಪಾದರು ನಿಂತರು. ಪ್ರತಿಯೊಂದು ಕಷಾಯಕ್ಕೂ ಅನಂತಾನುಬಂಧಿಯಿಂದ ಸಂಜ್ವಲನದವರೆಗೆ ಇರುವ ನಾಲ್ಕು ಒಳಭೇದಗಳನ್ನು ಅದು ಸೂಚಿಸುತ್ತದೆಂದು ತಿಳಿಸಿದರು. ಅವನ್ನು ಕೂಡಿಸಿದರೆ ಲೆಕ್ಕ 432ಕ್ಕೆ ಏರುತ್ತದೆ.

ಮಾಡಿಸಿದವನ ಹೊಣೆ

ಈ ಎಣಿಕೆಯ ಹೃದಯ ಕೃತ, ಕಾರಿತ, ಅನುಮತಗಳಲ್ಲಿದೆ. ತಾನೇ ಸ್ವತಂತ್ರನಾಗಿ ಮಾಡಿದುದು ಕೃತ. ಇನ್ನೊಬ್ಬನಿಂದ ಮಾಡಿಸಿದುದು ಕಾರಿತ. ಮಾಡುವವನಿಗೆ ಮನಸ್ಸಿನಲ್ಲಿ ಒಪ್ಪಿಗೆ ಕೊಟ್ಟುದು ಅನುಮತ. ಕೃತವೂ ಕಾರಿತವೂ ಒಂದೇ ಧಾತುವಿನ ರೂಪಗಳು. ಧಾತುವಿಗೂ ಕೊನೆಗೂ ನಡುವೆ ಪ್ರೇರಣೆಯ ಪ್ರತ್ಯಯವೊಂದು ಬಂದು ಹೋದುದರ ಗುರುತು ಕಾರಿತದಲ್ಲಿ ಉಳಿದಿದೆ. ಆ ಸೇರಿಕೆಯಿಂದ ಕರ್ತೃವಿನ ಕೈ ಬದಲಾಗುತ್ತದೆ. ಕೆಲಸ ಮಾಡುವವನು ಬೇರೆ, ಮಾಡಿಸುವವನು ಬೇರೆಯಾಗುತ್ತಾರೆ.

ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ಇಸು ಎಂಬ ಪ್ರತ್ಯಯ. ಉಂಡನು ಎಂಬಲ್ಲಿ ತನ್ನ ಹಸಿವು ತೀರುತ್ತದೆ. ಉಣಿಸಿದನು ಎಂಬಲ್ಲಿ ಇನ್ನೊಬ್ಬರ ಹಸಿವು. ಕಲಿತನು ಎಂಬಲ್ಲಿ ಶಿಷ್ಯ, ಕಲಿಸಿದನು ಎಂಬಲ್ಲಿ ಗುರು. ಹೀಗೆಯೇ ಕೊಂದನು, ಕೊಲ್ಲಿಸಿದನು. ನಡುವೆ ಬಂದ ಇಸು ಎಂಬುದರ ಮರೆಯಲ್ಲಿ ನಿಂತು ಮನುಷ್ಯನು ತನ್ನ ಕೈ ಶುದ್ಧವಾಗಿದೆಯೆಂದು ಭಾವಿಸುತ್ತಾನೆ. ಕತ್ತಿ ಹಿಡಿದವನು ಬೇರೆ, ಬೆಂಕಿ ಇಟ್ಟವನು ಬೇರೆ, ಸುಳ್ಳು ಲೆಕ್ಕ ಬರೆದವನು ಬೇರೆ. ತಾನು ಹೇಳಿದ್ದು ಒಂದು ಮಾತು ಮಾತ್ರ ಎಂಬುದು ಅವನ ಸಮಾಧಾನ. ಪೂಜ್ಯಪಾದರು ವಿವರಿಸಿದ ಲೆಕ್ಕದಲ್ಲಿ ಈ ಸಮಾಧಾನಕ್ಕೆ ಎಡೆಯಿಲ್ಲ. ಹೆಚ್ಚಿನ ಲಾಭಕ್ಕಾಗಿ ಪ್ರಾಣಹಾನಿಯ ಸಾಧನಗಳನ್ನು ತರಲು ಆಳಿಗೆ ಹೇಳಿದವನು ಕೈ ಎತ್ತದಿದ್ದರೂ ಲೋಭದಿಂದ, ವಚನದ ಮೂಲಕ, ಕಾರಿತ ಸಮಾರಂಭವನ್ನು ನಡೆಸಿದ್ದಾನೆ. 108ರಲ್ಲಿ ಅದಕ್ಕೆ ತನ್ನದೇ ಆದ ಒಂದು ಮಣಿಯಿದೆ.

ಅನುಮತ ಇನ್ನೂ ಸೂಕ್ಷ್ಮ. ಅಲ್ಲಿ ಮಾತೂ ಬೇಕಿಲ್ಲ. ಪೂಜ್ಯಪಾದರ ವ್ಯಾಖ್ಯಾನವನ್ನು ಮುಂದೆ ರಾಜವಾರ್ತಿಕದಲ್ಲಿ ವಿಸ್ತರಿಸಿದ ಅಕಲಂಕದೇವರು ಇದಕ್ಕೆ ಮೌನವ್ರತಿಯ ದೃಷ್ಟಾಂತ ಕೊಡುತ್ತಾರೆ. ಕಣ್ಣಿದ್ದು, ನಡೆಯುತ್ತಿರುವುದನ್ನು ನೋಡುತ್ತಿದ್ದು, ಬೇಡವೆನ್ನದೆ ಕುಳಿತವನು ಅದನ್ನು ಒಪ್ಪಿದವನೇ ಆಗುತ್ತಾನೆ. ಎಲ್ಲ ಮೌನವೂ ತಪಸ್ಸಲ್ಲ. ಕೆಲವು ಮೌನಗಳು ಸಹಿ ಹಾಕಿದ ಒಪ್ಪಿಗೆಗಳು.

ಹಾಗೆಂದು ಗೃಹಸ್ಥನ ಬದುಕನ್ನೇ ಜೈನಧರ್ಮ ನಿರಾಕರಿಸುವುದಿಲ್ಲ. ಹಳ್ಳಿಗಳಲ್ಲಿ ಬೇಸಾಯಕ್ಕೆ ಆರಂಬವೆಂಬ ಹೆಸರಿದೆ. ಉಳುವಾಗ, ಅಡುಗೆ ಮಾಡುವಾಗ, ಮನೆ ಕಟ್ಟುವಾಗ ಆಗುವ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತಪ್ಪಿಸಲಾರನೆಂದು ಧರ್ಮ ಬಲ್ಲದು. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಅವನು ಬಿಡಬೇಕು. ಆ ಬಿಡುವಿಕೆ ಕೃತದಲ್ಲಿ ಮಾತ್ರವಲ್ಲ, ಕಾರಿತ ಮತ್ತು ಅನುಮತಗಳಲ್ಲಿಯೂ ಇರಬೇಕು. ಸಮಂತಭದ್ರರ ಅಣುವ್ರತದ ಲಕ್ಷಣವೂ ಇದನ್ನೇ ಹೇಳುತ್ತದೆ.

ಕನ್ನಡದ ಕ್ರಿಯಾಪದದಲ್ಲಿ ಈ ವ್ರತಕ್ಕೆ ಒಪ್ಪುವ ರೂಪವೊಂದಿದೆ. ಹಳಗನ್ನಡದಲ್ಲಿ ಕೊಂದಂ ಎಂದರೆ ನಡುವಿನ ದಕಾರ ಕಳೆದ ಕಾಲವನ್ನು ಹೇಳುತ್ತದೆ. ಕೊಲ್ವಂ ಎಂದರೆ ನಡುವಿನ ವಕಾರ ಬರುವ ಕಾಲವನ್ನು ಹೇಳುತ್ತದೆ. ಧಾತುವಿಗೂ ಕೊನೆಗೂ ನಡುವೆ ಕಾಲವನ್ನು ಹೇಳುವ ಅಕ್ಷರವೇ ಇಲ್ಲದಿದ್ದರೆ ಕೊಲ್ಲಂ ಎಂದಾಗುತ್ತದೆ. ಇಂದಿನ ಕನ್ನಡದಲ್ಲಿ ಕೊಲ್ಲನು. ನಡುವಿನ ಅಕ್ಷರ ಹೋದೊಡನೆ ಪದವು ನಿಷೇಧವಾಗುತ್ತದೆ, ಕಾಲದ ಕಟ್ಟೂ ಕಳಚುತ್ತದೆ. ಕೊಲ್ಲನು ಎಂಬ ಮಾತು ನಿನ್ನೆಗೂ ಇಂದಿಗೂ ನಾಳೆಗೂ ಸಲ್ಲುತ್ತದೆ. ಯಾವಜ್ಜೀವ ವ್ರತವೆಂದರೆ ಇದೇ. 13ನೆಯ ಶತಮಾನದ ಕೇಶಿರಾಜ, 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕದೇವ ಮುಂತಾದ ಜೈನ ವೈಯಾಕರಣರು ಕನ್ನಡಕ್ಕೆ ಲಕ್ಷಣ ಬರೆದಾಗ ಪೂಜ್ಯಪಾದರು ಹಾಕಿಕೊಟ್ಟ ಶಬ್ದಸೇವೆಯ ಹಾದಿಯಲ್ಲಿಯೇ ನಡೆದರು.

ಶಿಷ್ಯನ ದಾರಿ

ಆಚಾರ್ಯರ ಈ ವಿವೇಚನೆಗೆ ಅವರ ಶಿಷ್ಯಪರಂಪರೆಯೇ ಒಂದು ಪರೀಕ್ಷೆಯಾಯಿತು. ಅವರ ಶಿಷ್ಯರಾದ ವಜ್ರನಂದಿಗಳು ದಕ್ಷಿಣ ಮಧುರೆಯಲ್ಲಿ ದ್ರಾವಿಡ ಸಂಘವನ್ನು ಸ್ಥಾಪಿಸಿದರೆಂದು ದೇವಸೇನರ ದರ್ಶನಸಾರ ಹೇಳುತ್ತದೆ. ಅದು ಕೊಡುವ ಕಾಲ ವಿಕ್ರಮನ ಮರಣಾನಂತರದ 526ನೆಯ ವರ್ಷ. ಬೀಜಗಳಲ್ಲಿ ಜೀವವಿಲ್ಲವೆಂಬ ಮತವನ್ನು ವಜ್ರನಂದಿಗಳು ಹಿಡಿದರೆಂದೂ, ಹೊಲ, ಬಸದಿ, ವ್ಯಾಪಾರಗಳನ್ನು ಇತರರಿಂದ ನಡೆಸಿ ಬಾಳುವುದನ್ನು ಒಪ್ಪಿದರೆಂದೂ ದೇವಸೇನರು ಆಕ್ಷೇಪಿಸುತ್ತಾರೆ. ದರ್ಶನಸಾರ ಹಲವು ಶತಮಾನಗಳ ಈಚಿನ ಕೃತಿ. ಬೇರೆ ಸಂಘದವರ ದೃಷ್ಟಿಯಿಂದ ಬರೆದುದು. ದ್ರಾವಿಡ ಸಂಘದಲ್ಲಿ ಅನೇಕ ಮಹನೀಯರೂ ಆಗಿಹೋಗಿದ್ದಾರೆ. ಆದರೆ ಆಕ್ಷೇಪದ ಮರ್ಮ ಗಮನಿಸತಕ್ಕುದು. ಮುನಿ ತಾನೇ ಉತ್ತನೆಂದು ಅಲ್ಲಿ ದೂರಿಲ್ಲ, ಉಳಿಸಿದನೆಂದು ದೂರು. ಕೃತವನ್ನು ಬಿಟ್ಟವನಿಗೂ ಕಾರಿತವನ್ನು ಬಿಡುವುದು ಕಷ್ಟವೆಂಬುದಕ್ಕೆ ಗುರುಪೀಠದ ನೆರಳೂ ಹೊರತಲ್ಲ.

ಸಂಪತ್ತಿನ ವಿಷಯದಲ್ಲಿ ಆಚಾರ್ಯರ ನಿಲುವು ಅವರ ಇಷ್ಟೋಪದೇಶದಲ್ಲಿ ಸ್ಪಷ್ಟವಾಗಿದೆ. ದಾನಕ್ಕೆಂದು ಧನವನ್ನು ಕೂಡಿಡಲು ಹೊರಟವನನ್ನು ಅವರು, ಮುಂದೆ ಸ್ನಾನ ಮಾಡುವೆನೆಂದು ಮೈಗೆ ಕೆಸರು ಬಳಿದುಕೊಳ್ಳುವವನಿಗೆ ಹೋಲಿಸುತ್ತಾರೆ. ಅವರ ಪಾದ ತೊಳೆದ ನೀರು ಸೋಕಿ ಕಬ್ಬಿಣ ಚಿನ್ನವಾಯಿತೆಂದು ಶಾಸನ ಹೊಗಳುತ್ತದೆ. ಅಂತಹ ಮಹಿಮೆಯನ್ನು ಭಕ್ತರು ಕಂಡ ಮುನಿ, ಚಿನ್ನವನ್ನು ಕೆಸರಿನ ಪಕ್ಕದಲ್ಲಿ ಇರಿಸಿದ್ದರು.

ಶಬ್ದದಿಂದ ಮೌನಕ್ಕೆ

ಆಚಾರ್ಯರ ಕೊನೆಯ ದಿನಗಳ ಬಗ್ಗೆ ಇನ್ನೊಂದು ಕಥೆಯಿದೆ. ತೀರ್ಥಗಳನ್ನು ಸಂದರ್ಶಿಸುತ್ತಿದ್ದಾಗ ದಾರಿಯಲ್ಲಿ ಅವರ ಕಣ್ಣುಗಳು ಕಾಣದಾದವು. ಅವರು ಶಾಂತಿನಾಥ ತೀರ್ಥಂಕರರನ್ನು ನೆನೆದು ಶಾಂತ್ಯಷ್ಟಕವನ್ನು ರಚಿಸಿದರು, ದೃಷ್ಟಿ ಮರಳಿತು. ದೃಷ್ಟಿ ಎಂಬ ಪದಕ್ಕೆ ಕಣ್ಣಿನ ನೋಟವೆಂದೂ ಶ್ರದ್ಧೆಯ ನೋಟವೆಂದೂ ಎರಡು ಅರ್ಥಗಳಿರುವುದನ್ನು ಬಲ್ಲ ವೈಯಾಕರಣರು ಬೇಡಿದುದು ಯಾವುದನ್ನು ಎಂಬುದು ಭಕ್ತರ ಚಿಂತನೆಗೆ ಬಿಟ್ಟ ಮಾತು. ಬಳಿಕ ಅವರು ತಮ್ಮ ಹುಟ್ಟೂರಿಗೆ ಬಂದು ಸಮಾಧಿಮರಣವನ್ನು ಪಡೆದರೆಂದು ಚರಿತೆ ಮುಗಿಯುತ್ತದೆ.

ಅವರ ಸಮಾಧಿತಂತ್ರವು ಬಹಿರಾತ್ಮ, ಅಂತರಾತ್ಮ, ಪರಮಾತ್ಮರೆಂಬ ಆತ್ಮನ ಮೂರು ಅವಸ್ಥೆಗಳನ್ನು ಹೇಳುವ ಕೃತಿ. ಅಲ್ಲಿ ಒಂದೆಡೆ ಆಚಾರ್ಯರು ಮಾತಿನ ಮಿತಿಯನ್ನೇ ಮುಟ್ಟುತ್ತಾರೆ. ಕಣ್ಣಿಗೆ ಕಾಣುವ ದೇಹಕ್ಕೆ ಅರಿವಿಲ್ಲ. ಅರಿವುಳ್ಳ ಆತ್ಮ ಕಣ್ಣಿಗೆ ಕಾಣುವುದಿಲ್ಲ. ಹಾಗಿರುವಾಗ ಮಾತನಾಡುವುದು ಯಾರೊಡನೆ ಎಂಬುದು ಅವರ ವಿಚಾರ. ಜೀವಮಾನವೆಲ್ಲ ಶಬ್ದವನ್ನು ಸಾಧಿಸಿದವರು ಕೊನೆಗೆ ತಲುಪಿದುದು ಈ ಮೌನವನ್ನು. ಅನ್ಯಾಯವನ್ನು ಕಂಡೂ ಸುಮ್ಮನಿರುವವನ ಮೌನ ಇದಲ್ಲ. ಆಡಬೇಕಾದುದನ್ನು ಆಡಿ ಮುಗಿಸಿ, ಮಾಡುವ, ಮಾಡಿಸುವ, ಒಪ್ಪುವ ಮೂರು ಬಾಗಿಲುಗಳನ್ನೂ ಮುಚ್ಚಿದವನ ಮೌನ ಇದು.

ಧನಂಜಯ ಕವಿಯು ತನ್ನ ನಾಮಮಾಲೆಯಲ್ಲಿ ಅಕಲಂಕರ ಪ್ರಮಾಣಶಾಸ್ತ್ರ ಮತ್ತು ತನ್ನ ಕಾವ್ಯದೊಂದಿಗೆ ಪೂಜ್ಯಪಾದರ ವ್ಯಾಕರಣವನ್ನು ರತ್ನತ್ರಯವೆಂದು ಎಣಿಸಿದನು. ಜ್ಞಾನಾರ್ಣವದ ಕರ್ತೃ ಶುಭಚಂದ್ರಾಚಾರ್ಯರು, ಪ್ರಾಣಿಗಳ ದೇಹ, ಮಾತು ಮತ್ತು ಮನಸ್ಸುಗಳ ಕಲಂಕವನ್ನು ತೊಳೆಯುವ ಮಾತು ದೇವನಂದಿಗಳದೆಂದು ವಂದಿಸಿದರು. ವೈದ್ಯಶಾಸ್ತ್ರದಿಂದ ದೇಹ, ವ್ಯಾಕರಣದಿಂದ ಮಾತು, ಸಮಾಧಿತಂತ್ರದಿಂದ ಮನಸ್ಸು ಎಂದು ಇದನ್ನು ವಿವರಿಸುವುದುಂಟು. ಆಸ್ರವದ 108 ಬಾಗಿಲುಗಳು ತೆರೆಯುವುದೂ ಈ ಮೂರರ ಮೂಲಕವೇ.

ಸಂಜೆಯ ಪ್ರತಿಕ್ರಮಣದಲ್ಲಿ ಕುಳಿತ ಶ್ರಾವಕನು ದಿನವನ್ನು ಹಿಂತಿರುಗಿ ನೋಡುವಾಗ ತಾನು ಮಾಡಿದ ತಪ್ಪುಗಳು ಬೇಗ ನೆನಪಾಗುತ್ತವೆ. ಮಾಡಿಸಿದುವು ತಡವಾಗಿ ನೆನಪಾಗುತ್ತವೆ. ಒಪ್ಪಿ ಸುಮ್ಮನಿದ್ದುವು ನೆನಪಾಗುವುದೇ ಇಲ್ಲ. ಪದವನ್ನು ಬಿಡಿಸಿದಂತೆ ದಿನವನ್ನೂ ಬಿಡಿಸಿ ನೋಡಿದರೆ ನಡುವೆ ಅಡಗಿದ ಅಕ್ಷರ ಕಾಣುತ್ತದೆ. ಅದು ಕಂಡ ಸಂಜೆ ಜಪಮಾಲೆಯ ಒಂದು ಮಣಿಯಾದರೂ ನಿಜವಾಗಿ ಮುಂದೆ ಸರಿಯುತ್ತದೆ.